ಪಿಕಪ್ ಬೆನ್ನ ಮೇಲೊಂದು ಮನೆ: ಭಾರ ಎಷ್ಟಿದೆ, ಎಲ್ಲಿ ಕೂತಿದೆ?

ಅಮೆರಿಕ ಮತ್ತು ಕೆನಡಾದ ಹೆದ್ದಾರಿಗಳಲ್ಲಿ ಪುಟ್ಟ ಮನೆಯೊಂದನ್ನು ಬೆನ್ನ ಮೇಲೆ ಹೊತ್ತು ಸಾಗುವ ಪಿಕಪ್ ವಾಹನಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಆ ಮನೆಯ ಹೆಸರು ಟ್ರಕ್ ಕ್ಯಾಂಪರ್. ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿನ ಟ್ಯಾಂಕ್, ಫ್ರಿಜ್, ಕೆಲವದರಲ್ಲಿ ಶೌಚಾಲಯವೂ ಇರುತ್ತದೆ. ಇದಕ್ಕೆ ಸ್ವಂತ ಎಂಜಿನ್ ಇಲ್ಲ, ಚಕ್ರಗಳೂ ಇಲ್ಲ. ಪಿಕಪ್‌ನ ಹಿಂದಿನ ತೆರೆದ ಭಾಗದಲ್ಲಿ, ಅಂದರೆ ಬೆಡ್‌ನಲ್ಲಿ, ಇದು ಕೂರುತ್ತದೆ. ಹಾಸಿಗೆ ಇರುವ ಭಾಗ ಚಾಲಕನ ಕ್ಯಾಬಿನ್ನಿನ ಮೇಲೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಪ್ರವಾಸ ಮುಗಿದ ಮೇಲೆ ಮನೆಯನ್ನು ಅಂಗಳದಲ್ಲಿ ಇಳಿಸಿ, ಪಿಕಪ್ಪನ್ನು ಎಂದಿನ ಕೆಲಸಕ್ಕೆ ಬಳಸಬಹುದು.

ಇದು ಹೊಸ ಕಲ್ಪನೆಯೇನಲ್ಲ. ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಜಿಎಂಸಿ ಪಿಕಪ್ ಮೇಲೆ ಇಂಥದ್ದೇ ಕ್ಯಾಂಪರ್ ಕೂರಿಸಿಕೊಂಡು, ತನ್ನ ನಾಯಿಯೊಂದಿಗೆ ದೇಶ ಸುತ್ತಿದ್ದ. ‘ರೋಸಿನಾಂಟೆ’ ಎಂದು ಆತ ಹೆಸರಿಟ್ಟಿದ್ದ ಆ ವಾಹನ ಈಗ ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನ ಸ್ಟೈನ್‌ಬೆಕ್ ಕೇಂದ್ರದಲ್ಲಿದೆ.

ಕ್ಯಾಂಪರನ್ನು ಪಿಕಪ್ ಮೇಲೆ ಎತ್ತಿ ಇಡಲು ಕ್ರೇನ್ ಬೇಕಾಗಿಲ್ಲ. ಅದರ ಮೂಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಜ್ಯಾಕ್‌ಗಳಿರುತ್ತವೆ. ಅವನ್ನು ಏರಿಸಿ ಕ್ಯಾಂಪರನ್ನು ಕಾಲುಗಳ ಮೇಲೆ ನಿಲ್ಲಿಸಿ, ಪಿಕಪ್ಪನ್ನು ಹಿಮ್ಮುಖವಾಗಿ ಅದರ ಕೆಳಗೆ ತಂದು, ಆಮೇಲೆ ಜ್ಯಾಕ್ ಇಳಿಸಿದರೆ ಮನೆ ಬೆಡ್‌ನಲ್ಲಿ ಕೂರುತ್ತದೆ. ನೋಡಲು ಸುಲಭ ಎನಿಸುವ ಈ ಕೆಲಸದ ಸುತ್ತ ಕೆಲವು ನಂಬಿಕೆಗಳು ಬೆಳೆದುಕೊಂಡಿವೆ. ‘ಬೆಡ್‌ನಲ್ಲಿ ಹಿಡಿಸಿದರೆ ಆಯಿತು’, ‘ಅರ್ಧ ಟನ್ ಗಾಡಿ ಅಂದರೆ ಅರ್ಧ ಟನ್ ಹೊರುತ್ತದೆ’, ‘ಭಾರ ಹೆಚ್ಚಾದರೆ ಸ್ಪ್ರಿಂಗ್ ಹಾಕಿಸಿದರೆ ಸಾಕು’ ಎಂಬಂಥವು. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ. ಇಲ್ಲಿ ತಪ್ಪಿದರೆ ಟೈರ್ ಸಿಡಿಯಬಹುದು, ಸ್ಟೀರಿಂಗ್ ಹಿಡಿತ ತಪ್ಪಬಹುದು, ಜ್ಯಾಕ್ ಮೇಲಿನ ಮನೆಯೇ ಮಗುಚಬಹುದು.

‘ಅರ್ಧ ಟನ್’ ಎಂಬ ಹೆಸರಿನ ಗೊಂದಲ

ಅಮೆರಿಕದಲ್ಲಿ ಪಿಕಪ್‌ಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ಕರೆಯುವ ರೂಢಿಯಿದೆ. ದಶಕಗಳ ಹಿಂದೆ ಈ ಹೆಸರುಗಳು ಗಾಡಿ ಹೊರುವ ಭಾರವನ್ನು ಹೆಚ್ಚು ಕಡಿಮೆ ಸೂಚಿಸುತ್ತಿದ್ದವು. 1948ರಲ್ಲಿ ಬಂದ ಫೋರ್ಡ್ ಎಫ್-1 ಅಂಥ ಅರ್ಧ ಟನ್ ಗಾಡಿ. ಅಮೆರಿಕದ ಒಂದು ಟನ್ ಎಂದರೆ 2000 ಪೌಂಡ್, ಸುಮಾರು 907 ಕೆ.ಜಿ. ಅದರ ಅರ್ಧ ಸುಮಾರು 454 ಕೆ.ಜಿ.

ಕಾಲ ಕಳೆದಂತೆ ಗಾಡಿಗಳು ಬಲಿಷ್ಠವಾದವು, ಹೆಸರು ಮಾತ್ರ ಹಾಗೇ ಉಳಿಯಿತು. ಇಂದಿನ ಹಲವು ‘ಅರ್ಧ ಟನ್’ ಪಿಕಪ್‌ಗಳು ಆ 454 ಕೆ.ಜಿ.ಗಿಂತ ಹೆಚ್ಚು ಹೊರುತ್ತವೆ, ಕೆಲವು ಅದರ ಎರಡು ಪಟ್ಟು ಕೂಡ. ಹಾಗೆಂದು ಹೆಸರನ್ನು ನಂಬಿ ಲೆಕ್ಕ ಹಾಕುವಂತಿಲ್ಲ. ಒಂದೇ ಮಾದರಿಯ ಎರಡು ಗಾಡಿಗಳು ಬೇರೆ ಬೇರೆ ಭಾರ ಹೊರಬಲ್ಲವು. ನಾಲ್ಕು ಬಾಗಿಲಿನ ದೊಡ್ಡ ಕ್ಯಾಬಿನ್, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆ, ಗಾಜಿನ ಚಾವಣಿ ಇವೆಲ್ಲ ಗಾಡಿಯ ಸ್ವಂತ ತೂಕವನ್ನು ಹೆಚ್ಚಿಸುತ್ತವೆ. ಸ್ವಂತ ತೂಕ ಹೆಚ್ಚಿದಷ್ಟೂ ಹೊರೆಗೆ ಉಳಿಯುವ ಪಾಲು ಕಡಿಮೆಯಾಗುತ್ತದೆ.

ನಿಜವಾದ ಸಂಖ್ಯೆ ಇರುವುದು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಗಳಲ್ಲಿ. ಪ್ರಯಾಣಿಕರು ಮತ್ತು ಸರಕು ಎರಡೂ ಸೇರಿ ಇಷ್ಟು ತೂಕ ಮೀರಬಾರದು ಎಂದು ಬಹುತೇಕ ಪಿಕಪ್‌ಗಳಲ್ಲಿ ಬರೆದಿರುತ್ತದೆ. ಮುಂದಿನ ಅಚ್ಚು ಮತ್ತು ಹಿಂದಿನ ಅಚ್ಚು ತಡೆದುಕೊಳ್ಳುವ ಗರಿಷ್ಠ ಭಾರವೂ ಪ್ರತ್ಯೇಕವಾಗಿ ನಮೂದಾಗಿರುತ್ತದೆ. ಇದು ಆ ಒಂದು ಗಾಡಿಗೆ ಸಂಬಂಧಿಸಿದ ಲೆಕ್ಕ. ಪಕ್ಕದ ಮನೆಯವರ ಅದೇ ಬಣ್ಣದ, ಅದೇ ಮಾದರಿಯ ಗಾಡಿಯ ಸಂಖ್ಯೆ ಬೇರೆ ಇರಬಹುದು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ‘ಈ ಗಾಡಿ ನಾಲ್ಕೈದು ಟನ್ ಎಳೆಯುತ್ತದೆ ಎಂದು ಜಾಹೀರಾತಿನಲ್ಲಿದೆ, ಒಂದು ಟನ್ ಕ್ಯಾಂಪರ್ ಯಾವ ಲೆಕ್ಕ?’ ಎಂದು ಕೇಳುವವರಿದ್ದಾರೆ. ಎಳೆಯುವುದು ಬೇರೆ, ಹೊರುವುದು ಬೇರೆ. ಗಾಡಿಗೆ ಕಟ್ಟಿದ ಎತ್ತು ಮೂಟೆಗಟ್ಟಲೆ ಭತ್ತವನ್ನು ಎಳೆಯುತ್ತದೆ, ಅದೇ ಮೂಟೆಗಳನ್ನು ಅದರ ಬೆನ್ನ ಮೇಲೆ ಹೇರಿದರೆ ಕುಸಿದು ಬೀಳುತ್ತದೆ. ಟ್ರೇಲರ್ ತನ್ನ ಭಾರದ ಬಹುಪಾಲನ್ನು ತನ್ನದೇ ಚಕ್ರಗಳ ಮೇಲೆ ಹೊತ್ತಿರುತ್ತದೆ. ಕ್ಯಾಂಪರ್‌ನ ಪೂರ್ತಿ ಭಾರ ಪಿಕಪ್‌ನ ಬೆನ್ನಿಗೇ ಬರುತ್ತದೆ.

‘ಒಣ ತೂಕ’ ಎಂಬ ಅರ್ಧ ಸತ್ಯ

ಕ್ಯಾಂಪರ್ ಮಾರುವವರ ಕೈಪಿಡಿಯಲ್ಲಿ ‘ಒಣ ತೂಕ’ ಎಂಬ ಸಂಖ್ಯೆ ಕಾಣುತ್ತದೆ. ನೀರು, ಗ್ಯಾಸ್, ಸಾಮಾನು ಏನೂ ಇಲ್ಲದ ಖಾಲಿ ಪೆಟ್ಟಿಗೆಯ ತೂಕ ಅದು. ಹಲವು ಸಲ ಎಸಿ, ಬಿಸಿಲ ಚಪ್ಪರದಂಥ ಹೆಚ್ಚುವರಿ ಸೌಲಭ್ಯಗಳೂ ಅದರಲ್ಲಿ ಸೇರಿರುವುದಿಲ್ಲ. ಆದರೆ ಖಾಲಿ ಪೆಟ್ಟಿಗೆಯಲ್ಲಿ ಯಾರೂ ಪ್ರವಾಸ ಹೋಗುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪಿಕಪ್‌ನ ಚೀಟಿಯಲ್ಲಿ 900 ಕೆ.ಜಿ. ಮಿತಿ ಇದೆ, ಕ್ಯಾಂಪರ್‌ನ ಒಣ ತೂಕ 800 ಕೆ.ಜಿ. ಎಂದುಕೊಳ್ಳಿ. ಮೇಲ್ನೋಟಕ್ಕೆ ಇನ್ನೂ 100 ಕೆ.ಜಿ. ಉಳಿಯಿತು. ಈಗ ಕೂಡಿಸುತ್ತಾ ಹೋಗಿ. ಎಸಿ, ಚಪ್ಪರ, ಎರಡನೇ ಬ್ಯಾಟರಿಗೆ 90 ಕೆ.ಜಿ. ಅಮೆರಿಕದ 30 ಗ್ಯಾಲನ್ ನೀರು ಎಂದರೆ ಸುಮಾರು 114 ಲೀಟರ್, ಅಂದರೆ 114 ಕೆ.ಜಿ. ಎರಡು ಚಿಕ್ಕ ಸಿಲಿಂಡರ್‌ಗಳಲ್ಲಿನ ಗ್ಯಾಸ್ 18 ಕೆ.ಜಿ. ಬಟ್ಟೆಬರೆ, ಪಾತ್ರೆ, ದಿನಸಿ, ಮಡಚುವ ಕುರ್ಚಿ ಎಲ್ಲ ಸೇರಿ 120 ಕೆ.ಜಿ. ಕ್ಯಾಂಪರನ್ನು ಬಿಗಿಯುವ ಕಬ್ಬಿಣದ ಕೊಂಡಿಗಳಿಗೆ 30 ಕೆ.ಜಿ. ಮುಂದೆ ಕೂರುವ ಇಬ್ಬರಿಗೆ 150 ಕೆ.ಜಿ. ಒಟ್ಟು 1322 ಕೆ.ಜಿ. ಆಯಿತು. ನೂರು ಕೆ.ಜಿ. ಮಿಗುತ್ತದೆ ಎಂದುಕೊಂಡಿದ್ದ ಗಾಡಿ ಈಗ 422 ಕೆ.ಜಿ. ಹೆಚ್ಚು ಹೊರುತ್ತಿದೆ.

ಇಷ್ಟು ಹೆಚ್ಚು ಹೊತ್ತ ಗಾಡಿ ಅಂಗಳದಲ್ಲೇ ಮುರಿದು ಬೀಳುವುದಿಲ್ಲ, ಚೆನ್ನಾಗಿಯೇ ಓಡುತ್ತದೆ. ಅಪಾಯ ಇರುವುದು ಅಲ್ಲೇ. ಬೇಸಿಗೆಯಲ್ಲಿ ಕಾದ ರಸ್ತೆಯ ಮೇಲೆ ಗಂಟೆಗಟ್ಟಲೆ ಓಡಿದ ಮೇಲೆ ಟೈರ್ ಬಿಸಿಯಾಗಿ ಸಿಡಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳಬಹುದು. ತೊಂದರೆ ಗೊತ್ತಾಗುವುದು ಗಾಡಿ ವೇಗದಲ್ಲಿದ್ದಾಗ, ಸರಿಪಡಿಸಲು ಸಮಯವಿಲ್ಲದಾಗ.

ಭಾರ ಎಲ್ಲಿ ಕೂತಿದೆ?

ತೂಕ ಮಿತಿಯೊಳಗೇ ಇದ್ದರೂ ಎಲ್ಲವೂ ಸರಿಯಾಯಿತು ಎನ್ನುವಂತಿಲ್ಲ. ಆ ತೂಕ ಎಲ್ಲಿದೆ ಎನ್ನುವುದು ಅಷ್ಟೇ ಮುಖ್ಯ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊರೆ ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಗಾಡಿ ಹಿಂಭಾರವಾಗಿ ನೊಗ ಮೇಲೇಳುತ್ತದೆ, ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ತೀರಾ ಮುಂದಕ್ಕೆ ಬಂದರೆ ಮುಂಭಾರವಾಗಿ ಎತ್ತುಗಳ ಹೆಗಲು ಹಣ್ಣಾಗುತ್ತದೆ.

ಪಿಕಪ್‌ನಲ್ಲೂ ಆಗುವುದು ಇದೇ. ಯಾವುದೇ ವಸ್ತುವಿನ ಭಾರವೆಲ್ಲ ಒಂದು ಬಿಂದುವಿನಲ್ಲಿ ಸೇರಿದೆ ಎಂದು ಭಾವಿಸಿ ಲೆಕ್ಕ ಹಾಕಬಹುದು. ಅದೇ ಗುರುತ್ವ ಕೇಂದ್ರ. ಹೆಚ್ಚಿನ ಕ್ಯಾಂಪರ್‌ಗಳ ಪಕ್ಕದಲ್ಲಿ ಈ ಬಿಂದುವನ್ನು ಚೀಟಿಯೊಂದರಿಂದ ಗುರುತಿಸಿರುತ್ತಾರೆ. ಕ್ಯಾಂಪರ್ ಕೂತ ಮೇಲೆ ಈ ಗುರುತು ಪಿಕಪ್‌ನ ಹಿಂದಿನ ಅಚ್ಚಿಗಿಂತ ಮುಂದೆ ಇರಬೇಕು.

ಯಾಕೆ? ಸನ್ನೆಗೋಲಿನ ಲೆಕ್ಕ ಹಾಕೋಣ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 3.6 ಮೀಟರ್ ಅಂತರವಿರುವ ಪಿಕಪ್ ಮೇಲೆ 1000 ಕೆ.ಜಿ.ಯ ಕ್ಯಾಂಪರ್ ಇದೆ. ಗುರುತ್ವ ಕೇಂದ್ರ ಹಿಂದಿನ ಅಚ್ಚಿಗಿಂತ 15 ಸೆಂ.ಮೀ. ಮುಂದಿದ್ದರೆ ಸುಮಾರು 42 ಕೆ.ಜಿ. ಮುಂದಿನ ಅಚ್ಚಿಗೂ, ಉಳಿದ 958 ಕೆ.ಜಿ. ಹಿಂದಿನ ಅಚ್ಚಿಗೂ ಹಂಚಿಹೋಗುತ್ತದೆ. ಅದೇ ಗುರುತ್ವ ಕೇಂದ್ರ ಹಿಂದಿನ ಅಚ್ಚಿಗಿಂತ 30 ಸೆಂ.ಮೀ. ಹಿಂದೆ ಸರಿದರೆ ಲೆಕ್ಕ ತಿರುಗಿಬೀಳುತ್ತದೆ. ಹಿಂದಿನ ಅಚ್ಚಿನ ಮೇಲೆ 1083 ಕೆ.ಜಿ. ಬೀಳುತ್ತದೆ, ಮುಂದಿನ ಅಚ್ಚಿನ ಮೇಲೆ ಮೊದಲಿದ್ದ ಭಾರವೂ 83 ಕೆ.ಜಿ.ಯಷ್ಟು ಕಡಿಮೆಯಾಗುತ್ತದೆ. ಅಂದರೆ ಸಾವಿರ ಕೆ.ಜಿ.ಯ ಮನೆ ಸಾವಿರಕ್ಕಿಂತ ಹೆಚ್ಚು ಭಾರವನ್ನು ಹಿಂದಿನ ಚಕ್ರಗಳ ಮೇಲೆ ಹೇರುತ್ತದೆ! ಹೆಚ್ಚುವರಿ 83 ಕೆ.ಜಿ. ಬಂದದ್ದು ಮುಂದಿನ ಚಕ್ರಗಳಿಂದ ಕಿತ್ತುಕೊಂಡ ಭಾರದಿಂದ.

ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರಗಳು. ಬ್ರೇಕ್ ಹಾಕಿದಾಗ ಹೆಚ್ಚು ಕೆಲಸ ಮಾಡುವುದೂ ಅವೇ. ಅವು ಹಗುರವಾದರೆ ರಸ್ತೆಯ ಮೇಲಿನ ಹಿಡಿತ ಕಡಿಮೆಯಾಗುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಷ್ಟು ಗಾಡಿ ತಿರುಗುವುದಿಲ್ಲ.

ಉದ್ದ ಬೆಡ್‌ಗೆಂದು ಮಾಡಿದ ಕ್ಯಾಂಪರನ್ನು ಗಿಡ್ಡ ಬೆಡ್‌ನಲ್ಲಿ ಇಟ್ಟಾಗ ಆಗುವ ತೊಂದರೆಯೂ ಇದೇ. ಅಮೆರಿಕದ ಪಿಕಪ್‌ಗಳಲ್ಲಿ ಸುಮಾರು 8 ಅಡಿ, ಆರೂವರೆ ಅಡಿ, ಐದೂವರೆ ಅಡಿಯ ಬೆಡ್‌ಗಳಿವೆ. 8 ಅಡಿಯ ಕ್ಯಾಂಪರ್ ಆರೂವರೆ ಅಡಿಯಲ್ಲಿ ‘ಹಿಡಿಸುತ್ತದೆ’, ಹಿಂಭಾಗ ಹೊರಗೆ ಚಾಚಿಕೊಳ್ಳುತ್ತದೆ ಅಷ್ಟೆ ಎನಿಸಬಹುದು. ಆದರೆ ಅದರ ಗುರುತ್ವ ಕೇಂದ್ರ ಅಚ್ಚಿನ ಹಿಂದಕ್ಕೆ ಹೋಗಿರುತ್ತದೆ.

ಒಳಗಿನ ಸಾಮಾನೂ ಲೆಕ್ಕಕ್ಕೆ ಬರುತ್ತದೆ. ಭಾರದ ವಸ್ತುಗಳನ್ನು ನೆಲದ ಮಟ್ಟದಲ್ಲಿ, ಮುಂಭಾಗಕ್ಕೆ ಇಡುವುದು ಒಳ್ಳೆಯದು. ನೀರಿನ ವಿಷಯವಂತೂ ಸ್ವಾರಸ್ಯಕರ. ಶುದ್ಧ ನೀರಿನ ಟ್ಯಾಂಕ್ ಮುಂದೆ, ಬಳಸಿದ ನೀರಿನ ಟ್ಯಾಂಕ್ ಹಿಂದೆ ಇರುವ ಕ್ಯಾಂಪರ್‌ನಲ್ಲಿ ಸ್ನಾನ, ಅಡುಗೆ ಮುಗಿಯುತ್ತಿದ್ದಂತೆ ಭಾರವೂ ಮುಂದಿನಿಂದ ಹಿಂದಕ್ಕೆ ಪ್ರಯಾಣ ಮಾಡುತ್ತದೆ. ಹೊರಡುವ ಮುನ್ನ ಬಳಸಿದ ನೀರನ್ನು ನಿಗದಿತ ಜಾಗದಲ್ಲಿ ಖಾಲಿ ಮಾಡುವುದಕ್ಕೆ ಸ್ವಚ್ಛತೆಯ ಜೊತೆ ಈ ಕಾರಣವೂ ಇದೆ.

ಈ ಕಾರಣಕ್ಕೇ ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ, ಕ್ಯಾಂಪರ್ ಹೊರಬಲ್ಲ ಪಿಕಪ್‌ಗಳ ತಯಾರಕರು ಹೊರೆಯ ಮಿತಿಯ ಜೊತೆಗೆ ಗುರುತ್ವ ಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದನ್ನೂ ತಿಳಿಸಬೇಕು. ಕ್ಯಾಂಪರ್ ತಯಾರಕರು ಅದರ ತೂಕ ಮತ್ತು ಗುರುತ್ವ ಕೇಂದ್ರ ಎರಡನ್ನೂ ಹೇಳಬೇಕು. ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಜೋಡಿ ಹೊಂದುತ್ತದೆಯೇ ಎಂಬುದು ಕೊಳ್ಳುವ ಮೊದಲೇ ಗೊತ್ತಾಗುತ್ತದೆ. ಕೆಲವು ಪಿಕಪ್‌ಗಳ ಕೈಪಿಡಿಯಲ್ಲಿ ಕ್ಯಾಂಪರ್ ಇಡಲೇಬಾರದು ಎಂದೂ ಬರೆದಿರುತ್ತದೆ.

ಸ್ಪ್ರಿಂಗ್ ಹಾಕಿಸಿದರೆ ಶಕ್ತಿ ಹೆಚ್ಚುತ್ತದೆಯೇ?

ಭಾರ ಕೂತ ಮೇಲೆ ಪಿಕಪ್‌ನ ಹಿಂಭಾಗ ತಗ್ಗಿ ಮೂತಿ ಮೇಲೆದ್ದರೆ ಹಲವರು ಹೆಚ್ಚುವರಿ ಸ್ಪ್ರಿಂಗ್ ಅಥವಾ ಗಾಳಿ ತುಂಬುವ ಚೀಲಗಳನ್ನು ಹಾಕಿಸುತ್ತಾರೆ. ಇದರಿಂದ ಗಾಡಿ ಮಟ್ಟಸವಾಗಿ ನಿಲ್ಲುತ್ತದೆ, ತೂಗಾಟ ಕಡಿಮೆಯಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಗಾಡಿಯ ಹೊರುವ ಮಿತಿ ಇದರಿಂದ ಹೆಚ್ಚುವುದಿಲ್ಲ. ಆ ಮಿತಿ ಸ್ಪ್ರಿಂಗ್ ಒಂದನ್ನೇ ಅವಲಂಬಿಸಿಲ್ಲ. ಚೌಕಟ್ಟು, ಅಚ್ಚು, ಬೇರಿಂಗ್, ಬ್ರೇಕ್, ರಿಮ್, ಟೈರ್ ಎಲ್ಲವೂ ಸೇರಿ ನಿರ್ಧಾರವಾಗುವ ಸಂಖ್ಯೆ ಅದು. ಸ್ಪ್ರಿಂಗ್ ಗಟ್ಟಿಯಾದ ಮಾತ್ರಕ್ಕೆ ಉಳಿದವು ಗಟ್ಟಿಯಾಗುವುದಿಲ್ಲ.

ಇನ್ನೂ ಮುಖ್ಯವಾದ ಮಾತೆಂದರೆ, ಹಿಂಭಾಗವನ್ನು ಎತ್ತಿ ಮಟ್ಟ ಮಾಡಿದರೂ ಮುಂದಿನ ಅಚ್ಚಿನಿಂದ ಹೋದ ಭಾರ ವಾಪಸ್ ಬರುವುದಿಲ್ಲ. ಮೇಲಿನ ಲೆಕ್ಕದಲ್ಲಿ ಕಡಿಮೆಯಾದ 83 ಕೆ.ಜಿ., ಗಾಡಿ ಮಟ್ಟಸವಾಗಿ ಕಂಡ ಮೇಲೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗಿರುತ್ತದೆ. ಕಣ್ಣಿಗೆ ಕಾಣುತ್ತಿದ್ದ ಎಚ್ಚರಿಕೆಯ ಗುರುತು ಮಾತ್ರ ಮಾಯವಾಗಿರುತ್ತದೆ.

ನೇರ ಬರುವುದು ಯಾಕೆ ಕಷ್ಟ?

ಇನ್ನು ಪಿಕಪ್ಪನ್ನು ಕ್ಯಾಂಪರ್ ಕೆಳಗೆ ತರುವ ಕೆಲಸ. ಬೆಡ್‌ನ ಎರಡೂ ಬದಿಯಲ್ಲಿ ಚಕ್ರಗಳ ಜಾಗದಲ್ಲಿ ಉಬ್ಬುಗಳಿರುತ್ತವೆ. ಅಮೆರಿಕದ ದೊಡ್ಡ ಪಿಕಪ್‌ಗಳಲ್ಲಿ ಈ ಉಬ್ಬುಗಳ ನಡುವಿನ ಅಗಲ 50 ಅಂಗುಲದ ಆಸುಪಾಸು, ಸುಮಾರು 127 ಸೆಂ.ಮೀ. ಕ್ಯಾಂಪರ್‌ನ ತಳ 4 ಅಡಿ, ಅಂದರೆ ಸುಮಾರು 122 ಸೆಂ.ಮೀ. ಅಗಲವಿದ್ದರೆ ಒಂದೊಂದು ಬದಿಗೆ ಉಳಿಯುವುದು ಎರಡೂವರೆ ಸೆಂ.ಮೀ. ಮಾತ್ರ.

ಪಿಕಪ್ ಕೇವಲ 1 ಡಿಗ್ರಿ ಓರೆಯಾಗಿ ಬಂದರೆ 2.4 ಮೀಟರ್ ಉದ್ದದ ಬೆಡ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 4 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಓರೆಯೂ ಕ್ಯಾಂಪರನ್ನು ಉಬ್ಬಿಗೆ ತಾಗಿಸಬಲ್ಲದು.

ಹಿಮ್ಮುಖವಾಗಿ ಬರುವಾಗ ಬೆಡ್ಡನ್ನು ಅಕ್ಕಪಕ್ಕಕ್ಕೆ ಸರಿಸಲು ಆಗುವುದಿಲ್ಲ. ತಿರುಗುವುದು ಮುಂದಿನ ಚಕ್ರಗಳು ಮಾತ್ರವಾದ್ದರಿಂದ, ಕೊನೆಯ ಒಂದೆರಡು ಮೀಟರ್‌ನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಬೆಡ್ ಇನ್ನಷ್ಟು ಓರೆಯಾಗುತ್ತದೆಯೇ ಹೊರತು ಪಕ್ಕಕ್ಕೆ ಜರುಗುವುದಿಲ್ಲ. ಆದ್ದರಿಂದ ನೇರವಾಗುವ ಕೆಲಸ ದೂರದಲ್ಲೇ ಮುಗಿಯಬೇಕು. ಸರಿಯಿಲ್ಲ ಎನಿಸಿದರೆ ಪೂರ್ತಿ ಮುಂದೆ ಹೋಗಿ, ನೇರ ಮಾಡಿಕೊಂಡು, ಮತ್ತೆ ಬರುವುದೇ ಬೇಗ ಮುಗಿಯುವ ದಾರಿ.

ಇದಕ್ಕೆ ಸರಳ ಉಪಾಯಗಳಿವೆ. ಕ್ಯಾಂಪರ್‌ನ ಮುಂದಿನ ಗೋಡೆಯ ನಡುವೆ ಬಣ್ಣದ ಟೇಪಿನ ನೇರ ಗೆರೆ ಅಂಟಿಸಿ. ಪಿಕಪ್‌ನ ಹಿಂದಿನ ಗಾಜಿನ ನಡುವೆಯೂ ಒಂದು ಗೆರೆ ಇರಲಿ. ಚಾಲಕ ಎರಡು ಗೆರೆಗಳನ್ನೂ ಒಂದರ ಹಿಂದೊಂದು ಇಟ್ಟುಕೊಂಡು ಬರಬಹುದು. ಹಿಂದಿನ ಸಲ ಸರಿಯಾಗಿ ಕೂತಾಗ ಚಕ್ರಗಳಿದ್ದ ಜಾಗವನ್ನು ನೆಲದಲ್ಲಿ ಗುರುತಿಸಿಟ್ಟುಕೊಂಡರೆ ಮುಂದಿನ ಸಲ ಅರ್ಧ ಕೆಲಸ ಉಳಿಯುತ್ತದೆ. ಕಾಂಕ್ರೀಟ್ ಹಾಕಿದ ಸಮತಟ್ಟಾದ ಜಾಗ ಇದ್ದರೆ ಒಳ್ಳೆಯದು. ಬೆಡ್‌ನ ಹಿಂಬಾಗಿಲನ್ನು ಮೊದಲೇ ಕಳಚಿಡಬೇಕು. ಪ್ರತಿ ಅರ್ಧ ಮೀಟರ್‌ಗೆ ನಿಲ್ಲಿಸಿ, ಇಳಿದು, ಎರಡೂ ಬದಿ ನೋಡಬೇಕು. ಚಾಲಕನ ಕ್ಯಾಬಿನ್ನಿನ ಚಾವಣಿಗೂ ಕ್ಯಾಂಪರ್‌ನ ಚಾಚಿದ ಭಾಗಕ್ಕೂ ನಡುವೆ ಅಂತರ ಇದೆಯೇ ಎಂದು ಕೂಡ.

ಜ್ಯಾಕ್ ಮೇಲಿನ ಮನೆ

ಇಡೀ ಕೆಲಸದಲ್ಲಿ ಅತಿ ಅಪಾಯದ ಹೊತ್ತು ಇದು. ಒಂದು ಟನ್ ತೂಕದ ಪೆಟ್ಟಿಗೆ ನಾಲ್ಕು ತೆಳ್ಳನೆಯ ಕಾಲುಗಳ ಮೇಲೆ ನಿಂತಿರುತ್ತದೆ. ಆ ಕಾಲುಗಳು ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ತಡೆಯುತ್ತವೆ. ಪಕ್ಕದಿಂದ ಬೀಳುವ ತಳ್ಳುವಿಕೆಯನ್ನು ಅಷ್ಟು ಚೆನ್ನಾಗಿ ತಡೆಯಲಾರವು. ಪಿಕಪ್ ಹಿಂದೆ ಬರುವಾಗ ಕ್ಯಾಂಪರ್‌ಗೋ ಜ್ಯಾಕ್‌ಗೋ ಗುದ್ದಿದರೆ ಕಾಲು ಬಾಗಬಹುದು. ಹೆಚ್ಚು ಎತ್ತರಕ್ಕೆ ಏರಿಸಿದಷ್ಟೂ ಗಾಳಿಗೆ ಅಲುಗಾಡುವುದೂ ಹೆಚ್ಚು.

ನಾಲ್ಕೂ ಜ್ಯಾಕ್‌ಗಳು ಸಮವಾಗಿ ಏರಿಳಿಯದಿದ್ದರೆ ಭಾರವೆಲ್ಲ ಎದುರುಬದುರು ಮೂಲೆಯ ಎರಡು ಕಾಲುಗಳ ಮೇಲೆ ಬೀಳುತ್ತದೆ. ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡವಾದಾಗ ಓಲಾಡುವುದಿಲ್ಲವೇ, ಹಾಗೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸುತ್ತಾ, ನಾಲ್ಕರ ಮೇಲೂ ಭಾರ ಇರುವಂತೆ ನೋಡಿಕೊಳ್ಳಬೇಕು. ಮಣ್ಣಿನ ನೆಲವಾದರೆ ಪ್ರತಿ ಕಾಲಿನ ಕೆಳಗೆ ಅಗಲವಾದ ಹಲಗೆ ಬೇಕು. ಜೋರು ಗಾಳಿಯ ದಿನ ಈ ಕೆಲಸ ಬೇಡ.

ಕ್ಯಾಂಪರ್ ಜ್ಯಾಕ್ ಮೇಲಿರುವಾಗ ಅದರ ಕೆಳಗೆ ಯಾರೂ ತೂರಬಾರದು. ದಾರಿ ತೋರಿಸುವವರು ಪಿಕಪ್ ಮತ್ತು ಕ್ಯಾಂಪರ್ ನಡುವೆ ನಿಲ್ಲಬಾರದು, ಪಕ್ಕಕ್ಕೆ, ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಲ್ಲಬೇಕು. ಅವರು ಕಾಣದಾದ ಕೂಡಲೇ ಚಾಲಕ ನಿಲ್ಲಿಸಬೇಕು. ಮಕ್ಕಳನ್ನು ದೂರ ಇಡುವುದನ್ನು ಬೇರೆ ಹೇಳಬೇಕಾಗಿಲ್ಲ.

ಕೂತ ಮೇಲೆ ಕಟ್ಟುವುದು

ಇಳಿಸಿದ ಮೇಲೆ ಮೊದಲು ನೋಡಬೇಕಾದದ್ದು ಭಾರ ಎಲ್ಲಿ ಊರಿದೆ ಎಂಬುದನ್ನು. ಅದು ಬೆಡ್‌ನ ನೆಲದ ಮೇಲೆ ಊರಿರಬೇಕು, ಬೆಡ್‌ನ ಪಕ್ಕದ ತೆಳು ಗೋಡೆಗಳ ಮೇಲಲ್ಲ. ಹೊಸ ಪಿಕಪ್‌ಗಳ ಪಕ್ಕದ ಗೋಡೆ ಎತ್ತರವಾಗಿರುವುದರಿಂದ ಹಳೆಯ ಕ್ಯಾಂಪರ್‌ಗಳು ಅದಕ್ಕೆ ತಾಗುವುದುಂಟು. ಆಗ ತಳದಲ್ಲಿ ಗಟ್ಟಿ ಹಲಗೆಯ ವೇದಿಕೆ ಕೊಟ್ಟು ಎತ್ತರಿಸುತ್ತಾರೆ.

ಎರಡನೆಯದು ಜಾರುವಿಕೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ 1000 ಕೆ.ಜಿ.ಯ ಪೆಟ್ಟಿಗೆಯನ್ನು ಸುಮಾರು 700 ಕೆ.ಜಿ. ಭಾರಕ್ಕೆ ಸಮನಾದ ಬಲ ಮುಂದಕ್ಕೆ ನೂಕಿದಂತಾಗಬಹುದು. ನುಣುಪಾದ ಪ್ಲಾಸ್ಟಿಕ್ ಹೊದಿಕೆಯ ಬೆಡ್‌ನಲ್ಲಿ ಅದನ್ನು ತಡೆಯುವ ಘರ್ಷಣೆ ಕಡಿಮೆ. ದಪ್ಪ ರಬ್ಬರ್ ಚಾಪೆ ಹಾಸಿದರೆ ಹಿಡಿತ ಹೆಚ್ಚುತ್ತದೆ. ಕ್ಯಾಂಪರ್‌ನ ಮುಂಭಾಗ ಬೆಡ್‌ನ ಮುಂದಿನ ಗೋಡೆಗೆ ಒತ್ತಿಕೊಂಡಿರಬೇಕು, ಅಥವಾ ನಡುವೆ ಗಟ್ಟಿ ದಿಮ್ಮಿ ಇರಬೇಕು.

ಕೊನೆಗೆ ನಾಲ್ಕು ಮೂಲೆಗಳಲ್ಲೂ ಟರ್ನ್‌ಬಕಲ್ ಎಂಬ ತಿರುಗಿಸಿ ಬಿಗಿಯುವ ಕೊಂಡಿಗಳಿಂದ ಪಿಕಪ್‌ಗೆ ಕಟ್ಟುತ್ತಾರೆ. ‘ಎಷ್ಟು ಬಿಗಿದರೆ ಅಷ್ಟು ಭದ್ರ’ ಎನ್ನುವುದೂ ಪೂರ್ತಿ ನಿಜವಲ್ಲ. ಏರುತಗ್ಗಿನ ದಾರಿಯಲ್ಲಿ ಪಿಕಪ್‌ನ ಚೌಕಟ್ಟು ತುಸು ತಿರುಚಿಕೊಳ್ಳುತ್ತದೆ, ಕ್ಯಾಂಪರ್ ಹಾಗೆ ಬಾಗುವುದಿಲ್ಲ. ಅತಿಯಾಗಿ ಬಿಗಿದರೆ ಕೊಂಡಿ ಸಿಕ್ಕಿಸಿದ ಜಾಗವೇ ಕಿತ್ತುಬರಬಹುದು. ಅದಕ್ಕೇ ಒಳ್ಳೆಯ ಕೊಂಡಿಗಳಲ್ಲಿ ಸ್ಪ್ರಿಂಗ್ ಇರುತ್ತದೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡುವುದು ಅಗತ್ಯ, ಕುಲುಕಾಟಕ್ಕೆ ಕ್ಯಾಂಪರ್ ತುಸು ಸರಿದು ಕೂರುತ್ತದೆ.

ಕೊನೆಯ ಮಾತು ವೇ ಬ್ರಿಡ್ಜ್‌ನದು

ಇಷ್ಟೆಲ್ಲ ಲೆಕ್ಕವನ್ನು ಒಂದೇ ಏಟಿಗೆ ಪರೀಕ್ಷಿಸುವ ದಾರಿಯೊಂದಿದೆ, ಅದು ತೂಗಿ ನೋಡುವುದು. ಅಮೆರಿಕದ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳಲ್ಲಿ ಅಚ್ಚುಗಳ ಭಾರವನ್ನು ಪ್ರತ್ಯೇಕವಾಗಿ ತೋರಿಸುವ ವೇ ಬ್ರಿಡ್ಜ್‌ಗಳಿವೆ. ಇಂಧನ ಪೂರ್ತಿ ತುಂಬಿಸಿ, ಕ್ಯಾಂಪರ್ ಇಲ್ಲದ ಪಿಕಪ್ಪನ್ನು ಒಮ್ಮೆ ತೂಗಿಸಿ. ಆಮೇಲೆ ಕ್ಯಾಂಪರ್, ನೀರು, ಸಾಮಾನು, ಜನ ಎಲ್ಲರೊಂದಿಗೆ ಇನ್ನೊಮ್ಮೆ ತೂಗಿಸಿ.

ಎರಡನೇ ಚೀಟಿಯಲ್ಲಿ ಮೂರು ವಿಷಯ ನೋಡಿ. ಒಟ್ಟು ತೂಕ ಗಾಡಿಯ ಮಿತಿಯೊಳಗಿದೆಯೇ? ಹಿಂದಿನ ಅಚ್ಚಿನ ಭಾರ ಅದರ ಮಿತಿಯನ್ನೂ ಟೈರ್‌ಗಳ ಮಿತಿಯನ್ನೂ ಮೀರಿಲ್ಲವೇ? ಮುಂದಿನ ಅಚ್ಚಿನ ಭಾರ ಮೊದಲಿಗಿಂತ ಕಡಿಮೆಯಾಗಿಲ್ಲವೇ? ಈ ಮೂರನೆಯದನ್ನು ಮರೆಯುವವರೇ ಹೆಚ್ಚು. ಮುಂದಿನ ಅಚ್ಚು ಹಗುರವಾಗಿದ್ದರೆ ಗಾಡಿ ಹಿಂಭಾರವಾಗಿದೆ ಎಂದೇ ಅರ್ಥ, ಅದು ಎಷ್ಟೇ ಮಟ್ಟಸವಾಗಿ ನಿಂತಿರಲಿ. ಆಗ ಸಾಮಾನನ್ನು ಮುಂದಕ್ಕೆ ಸರಿಸಿ, ಹಿಂದಿನ ಟ್ಯಾಂಕ್ ಖಾಲಿ ಮಾಡಿ ಮತ್ತೆ ತೂಗಿಸಬೇಕು. ಆಗಲೂ ಸರಿಹೋಗದಿದ್ದರೆ ಆ ಗಾಡಿಗೆ ಆ ಕ್ಯಾಂಪರ್ ಹೊಂದುವುದಿಲ್ಲ. ಚಿಕ್ಕ ಕ್ಯಾಂಪರ್ ನೋಡಬೇಕು, ಇಲ್ಲವೇ ಅದನ್ನು ಹೊರುವಂಥ ಗಾಡಿ ನೋಡಬೇಕು.